ಸಂಜೀವಪ್ಪನ ಪ್ಯಾಂಟಿನ ಕ್ಲಿಪ್ಪು

ಹೊಸಕೋಟೆ ಕಡೆಯ ಸಂಜೀವಪ್ಪನನ್ನು ಮಾತ್ರ ಯಾರೂ ಊಟಕ್ಕೆ ಕರೆಯಬಾರದು. ಕರೆದರೆ ಮುದ್ದೆ ಮುರಿಯುವ ಮೊದಲೇ ‘ನಿಮ್ಮೂರಲ್ಲಿ ಕಳ್ಳತನ ಆದ್ರೆ ಪೊಲೀಸ್ನೋರು ಮೊದ್ಲು ಯಾರ ಮನೆಗೆ ಹೋಗ್ತಾರೆ?’ ಅಂತ ಶುರುಹಚ್ಚಿಕೊಳ್ಳುತ್ತಾನೆ. ಬೆಂಗಳೂರಲ್ಲಿ ಸಮಾಜಶಾಸ್ತ್ರದ ಎಂ.ಎ. ಓದುತ್ತಿದ್ದಾನೆ, ಜಾತಿ ನೋಡಿ ಕೈಗೆ ಬೇಡಿ ಬೀಳುತ್ತದೆಯೇ ಅನ್ನುವುದು ಅವನ ಸಂಶೋಧನೆ. ‘ನನ್ ಮಗ ಕಳ್ರ ವಿಷ್ಯ ಓದ್ತವ್ನೆ’ ಎಂದು ತಾಯಿ ಅಕ್ಕಯಮ್ಮ ಹೆಮ್ಮೆಯಿಂದ ಹೇಳಿಕೊಂಡಿದ್ದಕ್ಕೇ ಅವನಿಗೆ ಬಂದ ಹೆಣ್ಣಿನ ಸಂಬಂಧವೆಲ್ಲ ತಪ್ಪಿಹೋಯಿತು. ಬೆಲ್‌ಬಾಟಮ್ ಪ್ಯಾಂಟು ಚೈನಿಗೆ ಸಿಗದಂತೆ ಕ್ಲಿಪ್ಪು ಹಾಕಿ, ಸೈಕಲ್ ಏರಿ, ಕೋರ್ಟಿನ ಅಮೀನನಿಂದ ಕ್ಷೌರದಂಗಡಿಯವನವರೆಗೆ ಎಲ್ಲರನ್ನೂ ತಡೆದು ಅದೇ ಪ್ರಶ್ನೆ ಕೇಳಿ, ‘ನಿಜಾನೇ ಹೇಳ್ಬೇಕು, ಒಂದು ಸುಳ್ಳು ಸೇರಿದ್ರೂ ಥೀಸಿಸ್ ಕೆಟ್ಟೋಗುತ್ತೆ’ ಅನ್ನುತ್ತಾನೆ. ಉತ್ತರ ಎಲ್ಲ ಕಡೆಯೂ ಒಂದೇ: ಕೆರೆಯಾಚೆ ಗುಡಿಸಲಿಗೆ. ಹೋದ ಶ್ರಾವಣದಲ್ಲಿ ಅವನ ಸೈಕಲ್ಲೇ ಕಳುವಾಯಿತು. ಯಾರ ಮೇಲೂ ಅನುಮಾನವಿಲ್ಲ ಎಂದು ಠಾಣೆಯಲ್ಲಿ ಒತ್ತಿ ಒತ್ತಿ ಹೇಳಿಬಂದ. ಸಂಜೆ ಹೋಗಿ ನೋಡಿದರೆ ಕೆರೆಯಾಚೆಯ ಬುಟ್ಟಿ ಹೆಣೆಯುವ ಮುನಿಗನನ್ನು ತಂದು ಕೂರಿಸಿದ್ದಾರೆ, ಅವನ ಹೆಂಡತಿ ಬಾಗಿಲಲ್ಲಿ ಅಳುತ್ತಿದ್ದಾಳೆ. ಸಂಜೀವಪ್ಪ ನೇರ ದಫೇದಾರನ ಮೇಜಿನ ಮುಂದೆ ಹೋಗಿ ನಿಂತ. ‘ಸೈಕಲ್ ಸಿಕ್ತು ಸಾರ್! ಹುಲ್ಲಿನ ಮೆದೆ ಹಿಂದೆ ನಾನೇ ನಿಲ್ಸಿ ಮರ್ತ್ಬಿಟ್ಟಿದ್ದೆ’ ಅಂದುಬಿಟ್ಟ. ಮುನಿಗನನ್ನು ಬಿಟ್ಟರು. ಸಂಜೀವಪ್ಪ ಮಾತ್ರ ಅಂದಿನಿಂದ ಸೈಕಲ್ಲಿಲ್ಲದೆ ಊರೂರಿಗೂ ನಡೆದೇ ಹೋಗುತ್ತಾನೆ. ಠಾಣೆ ಹತ್ತಿರ ಬಂದಾಗ ಮಾತ್ರ ಬಗ್ಗಿ, ಜೇಬಿನಿಂದ ಕ್ಲಿಪ್ಪು ತೆಗೆದು ಪ್ಯಾಂಟಿಗೆ ಸಿಕ್ಕಿಸಿಕೊಳ್ಳುತ್ತಾನೆ. ‘ಎಲ್ಲಪ್ಪಾ ಸೈಕಲ್ಲು?’ ಅಂತ ದಫೇದಾರ ಕೇಳಿದರೆ, ‘ಇವತ್ತೂ ಪಂಕ್ಚರ್ ಸಾರ್’ ಅನ್ನುತ್ತಾನೆ.