ರಜೆಯಲ್ಲಿದ್ದವರೇ ನಾಯಕರು

ಸ್ನೇಹಿತರೇ, ಇವತ್ತು ಮೈಸೂರಿನ ನಮ್ಮ ಹಿನಕಲ್ ಆಫೀಸಿನಲ್ಲಿ ತಂಡ ಕಟ್ಟುವ ತರಬೇತಿ. ತರಬೇತಿ ಕೊಡಲು ಬಂದಿದ್ದ ಮೇಡಂ ನಮ್ಮ ಆರು ಜನರನ್ನು ದುಂಡಗೆ ಕೂರಿಸಿ, "ಹತ್ತು ನಿಮಿಷದಲ್ಲಿ ನಿಮ್ಮ ನಾಯಕರನ್ನ ನೀವೇ ಆರಿಸ್ಕೊಳ್ಳಿ. ಪ್ರತಿ ಶನಿವಾರ ವರದಿ ಬರೆಯೋದು ಅವರ ಕೆಲಸ" ಎಂದರು.

ವರದಿ ಎಂದ ಕೂಡಲೇ ಎಲ್ಲರಿಗೂ ಮೈಸೂರಿನ ಮರ್ಯಾದೆ ನೆನಪಾಯಿತು.

"ಶ್ರೀಕಂಠಣ್ಣ, ನೀವು ಹಿರಿಯರು, ನೀವೇ ಆಗ್ಬುಡಿ" ಎಂದೆ.

"ಛೇ ಛೇ, ನೀವು ಓದ್ಕೊಂಡೋರು. ನಿಮ್ಮ ಮುಂದೆ ನಾನ್ಯಾವ ಲೆಕ್ಕ ಕಣ್ರೀ" ಎಂದರು ಶ್ರೀಕಂಠಣ್ಣ. ಫ್ಯಾನಿನ ಕೆಳಗಿನ ಕುರ್ಚಿಗಾಗಿ ನಿನ್ನೆ ತಾನೇ ನನ್ನ ಜೊತೆ ಜಗಳವಾಡಿದ್ದವರು ಇವರೇ.

ಮುಕ್ಕಾಲು ಗಂಟೆ ಒಬ್ಬರನ್ನೊಬ್ಬರು ಹೊಗಳಿದೆವು. ಕೊನೆಗೆ ನಮ್ಮಲ್ಲೇ ಕಿರಿಯಳಾದ ಸುಮಾ ಮೆಲ್ಲಗೆ, "ನಮ್ಮ ತಂಡದ ಪುಟ್ಟಸ್ವಾಮಿ ಸರ್ ಇವತ್ತು ರಜಾ ಅಲ್ವಾ?" ಎಂದಳು.

ಆರೂ ಕೈಗಳು ಒಟ್ಟಿಗೆ ಮೇಲೆದ್ದವು.

ಮೇಡಂಗೆ ಪರಮಾನಂದ. "ಇಂಥ ಒಮ್ಮತ ನಾನೆಲ್ಲೂ ನೋಡಿಲ್ಲ. ಶುಕ್ರವಾರ ಮತ್ತೆ ಬರ್ತೀನಿ, ಉಪನಾಯಕರನ್ನ ಆರಿಸೋಣ" ಎಂದು ಹೇಳಿ ಹೋದರು.

ಸಂಜೆಯೊಳಗೆ ಮ್ಯಾನೇಜರ್ ಮೇಜಿನ ಮೇಲೆ ಶುಕ್ರವಾರಕ್ಕೆಂದು ಆರು ರಜಾ ಅರ್ಜಿಗಳು ಬಿದ್ದಿದ್ದವು. ಎಲ್ಲರೂ ರಜೆ ಹಾಕಿದರೆ ಆರಿಸಲು ಕೈಯೆತ್ತುವವರೇ ಇರುವುದಿಲ್ಲವಲ್ಲ! ತಂಡವಂತೂ ಒಗ್ಗಟ್ಟಾಗಿದೆ. ಬೇಕಿದ್ದರೆ ಶನಿವಾರದ ವರದಿಯಲ್ಲಿ ಪುಟ್ಟಸ್ವಾಮಿಯವರೇ ಅದನ್ನು ಬರೆಯಲಿ.