ಗೈಡಕ್ಕ ನಡುದಾರಿಯಲ್ಲಿ ಬಿಟ್ಟುಹೋದ ಗುಂಪು

ಚಳಿಗಾಲದಲ್ಲೂ ಮನುಷ್ಯರಿಗೆ ಕಾಯಿಲೆ ಬರುತ್ತದೆ. ಆದರೆ ಆ ದ್ವೀಪದ ಹಳೇ ಊರಿನಲ್ಲಿ ಪ್ರವಾಸಿಗರ ಸೀಸನ್ ಮುಗಿದ ಮರುದಿನವೇ ಡಾಕ್ಟರು ಗಂಟುಮೂಟೆ ಕಟ್ಟುತ್ತಾರೆ, ಆಸ್ಪತ್ರೆಗೆ ಬೀಗ ಬೀಳುತ್ತದೆ. ನೋಡಲು ಬಂದವರ ಹೊಟ್ಟೆ ಕೆಟ್ಟರೆ ಔಷಧವಿದೆ. ಅಲ್ಲೇ ಹುಟ್ಟಿದವರು ಬೇಸಿಗೆಯವರೆಗೆ ಕಾಯಿಲೆ ಮುಂದೂಡಬೇಕು!

ಊರೆಲ್ಲ ಗೈಡಕ್ಕ ಎನ್ನುವ ಹೆಂಗಸು ಗುಂಪಿನ ಮುಂದೆ ಹಿಮ್ಮುಖವಾಗಿ ನಡೆಯುತ್ತ, ಕೊಡೆ ಎತ್ತಿ ಹಿಡಿದು, ಸತ್ತವರ ಕಥೆ ಹೇಳಿಯೇ ತಲೆ ನರೆಸಿಕೊಂಡವಳು. ಗಲ್ಲಿಗೇರಿದ ಕಳ್ಳ, ಗೋಪುರದಿಂದ ಹಾರಿದ ಮದುಮಗಳು, ಎಲ್ಲರೂ ಅವಳ ಬಾಯಲ್ಲಿ ದಿನವೂ ಜೀವ ತಳೆಯುತ್ತಿದ್ದರು. ಮನೆಯಲ್ಲಿದ್ದದ್ದು ಉಬ್ಬಸದ ತಂಗಿಯೊಬ್ಬಳೇ. "ಸತ್ತೋರ್ನ ಮಾರಿ ನನ್ನ ಸಾಕ್ತೀಯಲ್ಲೇ ಅಕ್ಕಾ" ಎಂದು ರೇಗಿಸುತ್ತಿದ್ದಳು.

ಸೀಸನ್ ಮುಗಿದ ಮೇಲೊಂದು ದಿನ ಅಗ್ಗದ ಟಿಕೆಟ್ಟಿನ ಗುಂಪೊಂದು ಬಂದಿಳಿಯಿತು. ಕೊರೆಯುವ ಗಾಳಿ, ಮುಚ್ಚಿದ ಅಂಗಡಿಗಳು. ಗಲ್ಲಿಯ ತಿರುವಿನಲ್ಲಿ ಪಕ್ಕದ ಮನೆಯಾಕೆ ಓಡಿಬಂದು ಗೈಡಕ್ಕನ ಕಿವಿಯಲ್ಲಿ ಹೇಳಿದಳು: "ಬೇಗ ಬಾರೇ, ನಿನ್ನ ತಂಗಿ ತುಟಿ ನೀಲಿಯಾಗಿದೆ."

ಇದ್ದದ್ದು ಒಂದೇ ದೋಣಿ, ಆ ಗುಂಪನ್ನು ತಂದದ್ದು. ಫೋನಿನಲ್ಲಿ ದೋಣಿಯವನು ಅಂದ: "ದೋಣಿ ಟೂರ್ ಕಂಪನಿದು ತಾಯಿ, ನಂದಲ್ಲ, ಇವತ್ತು ಆ ಗುಂಪಿಗೆ ಗೊತ್ತಾಗಿರೋದು. ಗುಂಪಿನೋರು ಹೂಂ ಅಂದ್ರೆ ಈಗ್ಲೇ ಬಿಡ್ತೀನಿ. ಅವಳನ್ನ ಆಚೆ ದಡದ ಆಸ್ಪತ್ರೆಗೆ ಮುಟ್ಟಿಸಿ ವಾಪಸ್ ಬರ್ತೀನಿ. ಒಂದ್ಮಾತು ಕೇಳು."

ಕೇಳಬೇಕಿತ್ತು, ಅಷ್ಟೇ. ಆದರೆ ಮನೆಯ ಗೋಳು ಅತಿಥಿಗಳ ಮುಂದೆ ತೆಗೆದರೆ ಕೆಲಸಕ್ಕೆ ಸಂಚಕಾರ ಎಂದು ಕಂಪನಿ ಗಿಣಿಗೆ ಕಲಿಸಿದಂತೆ ಕಲಿಸಿತ್ತು. ಗುಂಪಿನ ಮುಂದೆ ಅವಳ ಬಾಯಿಗೆ ಬೇರೆ ಧಾಟಿಯೇ ಬರುತ್ತಿರಲಿಲ್ಲ. ತನ್ನ ಮನೆಯ ಮುಂದೆ ನಿಂತು, ಕೊಡೆ ಎತ್ತಿ, ಅದೇ ನಗುಮುಖದಲ್ಲಿ ಶುರುಮಾಡಿದಳು: "ಈ ಮನೇಲಿ ಒಬ್ಳು ಉಸಿರಿಗೆ ಒದ್ದಾಡ್ತಿದಾಳೆ. ಅವಳ ಅಕ್ಕ ಒಂದು ದೋಣಿಗಾಗಿ ಅಂಗಲಾಚ್ತಿದಾಳೆ. ನೀವು ಮನಸ್ಸು ಮಾಡಿದ್ರೆ ಅವಳು ಉಳೀತಾಳೆ."

ಗುಂಪು ಚಪ್ಪಾಳೆ ತಟ್ಟಿತು. ಯಾರೋ ಬಾಗಿಲಿನ ಫೋಟೋ ತೆಗೆದರು.

"ಯಾವ ಕಾಲದ ಕಥೆ ಇದು?" ಮಫ್ಲರ್ ಸುತ್ತಿದ ಯಜಮಾನರೊಬ್ಬರು ಕೇಳಿದರು.

"ಈಗಿಂದೇ ಸಾರ್. ನನ್ನ ತಂಗಿ."

"ರೀ, ನಿಜ ಇರ್ಬೋದು ಕಣ್ರೀ" ಎಂದಳು ಅವರ ಹೆಂಡತಿ.

"ಸುಮ್ನಿರೇ. ಎಲ್ಲಾ ಊರಲ್ಲೂ ಇದೇ ನಾಟಕ. ಕೊನೇಲಿ ಕೈ ಚಾಚ್ತಾರೆ."

ಅವರು ಗೋಪುರದತ್ತ ಕಾಲು ಹಾಕಿದರು. ಉಳಿದವರೂ ಕುರಿಗಳಂತೆ ಹಿಂದೆ ಹೋದರು.

ಗೈಡಕ್ಕ ಕೊಡೆ ಬಿಸಾಡಿ ಒಳಗೋಡಿದಳು. ಪಕ್ಕದ ಮನೆಯಾಕೆಯೂ ಅವಳೂ ತಂಗಿಯನ್ನು ಕುರ್ಚಿಯಲ್ಲೇ ದೋಣಿಯ ಬಳಿಗೆ ಹೊತ್ತು ತಂದರು. ಆ ಮುಖ ನೋಡಿದ ದೋಣಿಯವನು ಯಾರನ್ನೂ ಕೇಳಲಿಲ್ಲ. "ಹಾಳಾಗ್ಲಿ ಕೆಲಸ, ಹತ್ತಮ್ಮಾ" ಎಂದು ಹಗ್ಗ ಬಿಚ್ಚಿದ. ಆದರೆ ಹೊತ್ತು ಮೀರಿತ್ತು. ಆಚೆ ದಡ ಕಣ್ಣಿಗೆ ಬೀಳುವ ಮೊದಲೇ, ಅಕ್ಕನ ತೊಡೆಯ ಮೇಲೆ ತಂಗಿಯ ಎದೆಯ ಸಿಳ್ಳು ನಿಂತುಹೋಯಿತು. ಎಷ್ಟೋ ರಾತ್ರಿ ನಿದ್ದೆಗೆಡಿಸಿದ್ದ ಆ ಸದ್ದಿಗಾಗಿ ಅವಳು ಬಾಗಿ ಕಿವಿಯಿಟ್ಟಳು. ಇಂಜಿನ್ನಿನ ಸದ್ದು ಬಿಟ್ಟರೆ ಏನೂ ಇರಲಿಲ್ಲ.

ಗೋಪುರ ಇಳಿದವರಿಗೆ ಚಳಿಯಲ್ಲಿ ಕಾಯಬೇಕಾಯಿತು. ದೂರು ಕೊಟ್ಟರು: ಗೈಡು ನಡುದಾರಿಯಲ್ಲಿ ಕೈಬಿಟ್ಟಳು, ದೋಣಿ ಮಾಯವಾಗಿತ್ತು. ತಂಗಿಯನ್ನು ಮಣ್ಣು ಮಾಡಿ ಬಂದವಳಿಗೆ ಕಂಪನಿ ಹೇಳಿ ಕಳಿಸಿತು, ಇನ್ನು ಬರಬೇಡ ಎಂದು. ದೋಣಿಯವನಿಗೂ ಅದೇ ಮಾತು.

ಓದುಗರೇ, ಆ ಗುಂಪಿನಲ್ಲಿ ನೀವೂ ಇದ್ದಿರಬಹುದು. ಇದ್ದಿದ್ದರೆ ಅಯ್ಯೋ ಪಾಪ ಎಂದು ಪುಟ ತಿರುವಬೇಡಿ. ಈಗಲೇ ಕಂಪನಿಗೆ ಫೋನ್ ಮಾಡಿ ಒಪ್ಪಿಕೊಳ್ಳಿ: ಅವಳು ಬಾಯಿಬಿಟ್ಟು ಬೇಡಿದಳು, ನಾವು ಚಪ್ಪಾಳೆ ತಟ್ಟಿ ಗೋಪುರ ಹತ್ತಿದೆವು. ಆ ದೂರನ್ನು ವಾಪಸ್ ತೆಗೆದುಕೊಳ್ಳಿ.