ಸಿನಿಮಾದ ಹೆಣದ ಮುಂದೆ

ದೋಸ್ತರೇ, ಇವತ್ತು ಹೆಣದ ಮುಂದೆ ಅಳಲು ಹೋಗಿದ್ದೆ. ಗಾಬರಿಯಾಗಬೇಡಿ, ಸಿನಿಮಾದ ಹೆಣ. ಕಾಗವಾಡದ ದ್ರಾಕ್ಷಿ ತೋಟದ ಮನೆಯೊಂದರಲ್ಲಿ ಶೂಟಿಂಗ್ ಇತ್ತು. ನಮ್ಮ ಓಣಿಯ ಹೆಂಗಸರನ್ನೆಲ್ಲ ಟೆಂಪೋದಲ್ಲಿ ಕರೆದೊಯ್ದಿದ್ದರು.

ಕ್ಯಾಮೆರಾ ಶುರುವಾಗಿದ್ದೇ ತಡ, ಪಕ್ಕದ ಮನೆಯ ಶಾಂತಕ್ಕ ಎದೆ ಬಡಿದುಕೊಂಡು, ಸತ್ತವನ ಗುಣ ಹಾಡಿ ಹಾಡಿ ಅತ್ತಳು. ನಿರ್ದೇಶಕರು ಸಿಡುಕಿದರು.

"ಇದು ನಾಟಕ ಅಲ್ಲಮ್ಮ. ಸುಮ್ನೆ ಕೂತ್ಕೊಳ್ಳಿ."

"ಹೆಣದ ಮುಂದ ಸುಮ್ನ ಕುಂತ್ರ ಮಂದಿ ಏನಂತಾರ್ರೀ ಸಾಹೇಬ್ರ?"

"ಕಥೆಯಲ್ಲಿ ಇವನನ್ನ ಕೊಂದಿದ್ದು ಸ್ವಂತ ಅಣ್ಣ. ಪಕ್ಕದಲ್ಲೇ ಕೂತಿದ್ದಾನೆ. ಅದು ಎಲ್ಲರಿಗೂ ಗೊತ್ತು."

"ಅದನ್ನ ಮೊದಲ ಹೇಳಬೇಕಿತ್ತಲ್ರೀ," ಎಂದಳು ಶಾಂತಕ್ಕ. "ಮನಿಯವ್ರ ಕೊಂದಿದ್ರ ದನಿ ತಗದು ಅಳಾಕ ಬರೂದಿಲ್ರಿ."

ಸೆರಗನ್ನು ಬಾಯಿಗೊತ್ತಿಕೊಂಡು, ನೆಲ ನೋಡುತ್ತ ಕೂತಳು. ನಾವೂ ಹಾಗೇ ಕೂತೆವು. ಯಾರೂ ಯಾರ ಮುಖವನ್ನೂ ನೋಡಲಿಲ್ಲ.

"ಎಷ್ಟು ನ್ಯಾಚುರಲ್! ಎಲ್ಲಿ ಕಲಿತಿರಿ?" ಎಂದು ನಿರ್ದೇಶಕರು ಕೈಮುಗಿದರು. ಶಾಂತಕ್ಕ ಎದ್ದು ಟೆಂಪೋ ಕಡೆ ನಡೆದಳು.

ಶಾಂತಕ್ಕನ ಮಗಳು ಕಾಲು ಜಾರಿ ಬಾವಿಗೆ ಬಿದ್ದಳೆಂದು ಆ ಹುಡುಗಿಯ ಅಪ್ಪನೇ ಪೊಲೀಸರಿಗೆ ಹೇಳಿದ ದಿನವೂ ಇಡೀ ಓಣಿ ಹೀಗೇ ನೆಲ ನೋಡುತ್ತ ಕೂತಿತ್ತು. ಅವತ್ತು ಕ್ಯಾಮೆರಾ ಇರಲಿಲ್ಲ, ಅಷ್ಟೇ.